ಬೀಗದ ಸಾಬರ ವೈರ್‌ಲೆಸ್ಸು

ಮುನವ್ವರಾ ನೀಲಿ ವೈರನ್ನು ಎರಡು ತುಂಡು ಮಾಡಿದ್ದು ಕೆಟ್ಟ ಬುದ್ಧಿಯಿಂದೇನಲ್ಲ. ಸಂಜೆ ಮಸ್ಕತ್ತಿನಿಂದ ಅಳಿಯನಾಗುವ ಹುಡುಗ ಕಂಪ್ಯೂಟರಿನೊಳಗೆ ಬರುವವನಿದ್ದ. ಬಂದವನ ಕಣ್ಣಿಗೆ ನಡುಮನೆಯ ಪರದೆ ಬೀಳದೆ ಇರುತ್ತದೆಯೇ? ಬೆಳಗ್ಗೆ ಎದ್ದವಳೇ ಪರದೆಗಳನ್ನೆಲ್ಲ ಒಗೆದಳು. ಒಣಹಾಕಲು ಮಹಡಿಯ ಮೇಲೆ ಹಗ್ಗ ಸಾಲಲಿಲ್ಲ. ಕೆಳಗೆ ನಡುಮನೆಯ ಮೂಲೆಯಲ್ಲಿದ್ದ ಮೋಡೆಮ್ ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಹೋಗಿದ್ದ ನೀಲಿ ವೈರು ಗಟ್ಟಿಮುಟ್ಟಾಗಿ ಕಂಡಿತು. ಕಿತ್ತಳು, ಕತ್ತರಿಸಿದಳು, ಕಟ್ಟಿದಳು.

ಸ್ನಾನ ಮುಗಿಸಿ ಬಂದ ಗಂಡ ಅಬ್ದುಲ್ ಖಾದರ್ ಸಾಬರು ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಖಾಲಿ ತೂತು ನೋಡಿ ಅಲ್ಲೇ ನಿಂತರು.

"ನೀಲಿ ವೈರ್ ಎಲ್ಲಿ ಹೋಯ್ತೇ?"

"ಮ್ಯಾಲಿದೆ. ಪರದೆ ಒಣಗ್ತಿದೆ."

"ಯಾರನ್ನ ಕೇಳಿ ತೆಗೆದೆ?"

"ವೈರ್‌ಲೆಸ್ಸು ವೈರ್‌ಲೆಸ್ಸು ಅಂತ ಊರೆಲ್ಲ ಹೇಳ್ಕೊಂಡು ಬಂದೋರು ನೀವೇ ಅಲ್ವಾ. ವೈರೇ ಇಲ್ದೆ ಇರೋದಕ್ಕೆ ವೈರ್ ಯಾಕೆ?"

ಸಾಬರು ಹೇಳಿಕೊಂಡು ಬಂದದ್ದು ನಿಜ. ಕುಣಿಗಲ್ಲಿಗೆ ಹೋಗಿ ಹುಡುಗನ ಮನೆಯಲ್ಲಿ ಚಹಾ ಕುಡಿಯುವಾಗ, ಹುಡುಗ ಅರ್ಷದನದು ಒಂದೇ ಒಂದು ಷರತ್ತು ಎಂಬ ಮಾತು ಬಂತು: ದಿನ ಗೊತ್ತುಮಾಡುವ ಮುಂಚೆ ಹೆಣ್ಣಿನ ತಂದೆಯ ಹತ್ತಿರ ಮುಖಾಮುಖಿ, ಕಂಪ್ಯೂಟರಿನಲ್ಲಿ, ಇಬ್ಬರೇ ಮಾತಾಡಬೇಕು. "ಅದಕ್ಕೇನು, ನಮ್ಮನೇಲೇ ವೈರ್‌ಲೆಸ್ ಇದೆ" ಎಂದು ಸಾಬರು ಬಿಸ್ಕತ್ತು ಅದ್ದುತ್ತ ಹೇಳಿದ್ದರು. ಇರಲಿಲ್ಲ. ತುಮಕೂರಿಗೆ ವಾಪಸು ಬಂದಮೇಲೆ ಹಾಕಿಸಿದರು. ಎರಡು ಸಾವಿರದ ಒಂಬತ್ತರಲ್ಲಿ ಗುಬ್ಬಿ ಗೇಟಿನ ಆ ಗಲ್ಲಿಗೆ ಇಂಟರ್ನೆಟ್ ಬಂದ ಮೊದಲ ಮನೆ ಅದು. ಹಾಕಲು ಬಂದ ಹುಡುಗ ಚೈತನ್ಯ ನೀಲಿ ವೈರು ಸಿಕ್ಕಿಸಿ, "ವೈರ್‌ಲೆಸ್ಸೂ ಆನ್ ಮಾಡಿದೀನಿ ಸಾರ್, ಬೇಕಾದಾಗ ಯೂಸ್ ಮಾಡ್ಕೊಳಿ" ಎಂದು ಹೋಗಿದ್ದ. ಬೇಕಾದಾಗ ಎಂಬುದು ಇಷ್ಟು ಬೇಗ ಬರುತ್ತದೆಂದು ಸಾಬರಿಗೆ ಗೊತ್ತಿರಲಿಲ್ಲ.

ಅಂದು ಭಾನುವಾರ. ಹೊಸ ವೈರು ತರೋಣವೆಂದರೆ ಕಂಪ್ಯೂಟರ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸೈಬರ್ ಸೆಂಟರಿಗೆ ಹೋಗೋಣವೆಂದರೆ ಬಿಸ್ಕತ್ತು ಅದ್ದುತ್ತ ಆಡಿದ ಮಾತು ಅಡ್ಡ ಬಂತು. ನಾಳೆ ಮಾಡಿದರಾಯಿತೆಂದರೆ ಹುಡುಗ ಮರುದಿನವೇ ಮರುಭೂಮಿಯ ಯಾವುದೋ ಸೈಟಿಗೆ ಹೊರಡುವವನು, ಅಲ್ಲಿ ತಿಂಗಳುಗಟ್ಟಲೆ ಫೋನೂ ಸಿಗುವುದಿಲ್ಲ. ಮಗಳು ಮಾಹಿರಾಗೆ ಈ ಮೊದಲು ಬಂದ ಎರಡು ಸಂಬಂಧಗಳು ಬೀಗ ರಿಪೇರಿಯವರ ಮನೆ ಎಂದು ಮೂಗು ಮುರಿದು ಹೋಗಿದ್ದವು. ಈ ಸಲ ಫೋಟೋ ನೋಡಿ ಹುಡುಗಿಯೇ ತಲೆ ತಗ್ಗಿಸಿ ನಕ್ಕಿದ್ದಳು.

ಲ್ಯಾಪ್‌ಟಾಪ್ ತೆರೆದರು. ವೈರ್‌ಲೆಸ್ ಎಂಬಲ್ಲಿ ಒತ್ತಿದರೆ ಮೋಡೆಮ್ಮಿನ ಹೆಸರು ಬಂತು, ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರವೂ ಬಂತು. ಮಂಡಿಪೇಟೆಯಲ್ಲಿ ಕೀಲಿ ಕಳೆದುಕೊಂಡವರೆಲ್ಲ ಓಡಿಬರುತ್ತಿದ್ದುದು ಸಾಬರ ಅಂಗಡಿಗೆ. ಗಾದ್ರೇಜು, ಬೀರು, ಟ್ರಂಕು, ಅವರ ಕೈಗೆ ಬಗ್ಗದ ಬೀಗವಿರಲಿಲ್ಲ. ಈಗ ಅವರದೇ ಮನೆಯಲ್ಲಿ ಅಕ್ಕಿಕಾಳಿನಷ್ಟು ಬೀಗವೊಂದು ಪಾಸ್‌ವರ್ಡ್ ಕೇಳುತ್ತ ಕೂತಿತ್ತು.

ಚೈತನ್ಯನಿಗೆ ಫೋನ್ ಮಾಡಿದರು. ಅವನು ಹೆಂಡತಿಮಕ್ಕಳ ಜೊತೆ ಮಾರ್ಕೋನಹಳ್ಳಿ ಡ್ಯಾಮ್ ನೋಡಲು ಹೋಗಿದ್ದ. ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ಪಾಸ್‌ವರ್ಡ್ ಕೇಳ್ತಿದೆ ಕಣಪ್ಪ. ಏನು ಹಾಕ್ಲಿ?"

"ಏನಾದ್ರೂ, ಸಾರ್."

"ಏನಾದ್ರೂನಾ?"

"ಹೂಂ ಸಾರ್. ಏನಾದ್ರೂ. ಅವತ್ತು ನೀವೇ..." ಎನ್ನುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಯಾವ ಕೀಲಿ ಹಾಕಿದರೂ ತೆಗೆಯುವುದಾದರೆ ಅದು ಎಂಥ ಬೀಗ ಎಂದು ಸಾಬರಿಗೆ ತಿರಸ್ಕಾರ ಬಂತು. ಆದರೂ ತಮ್ಮ ಹೆಸರು ಹಾಕಿದರು. ತೆಗೆಯಲಿಲ್ಲ. ಮಗಳ ಹೆಸರು ಹಾಕಿದರು. ಅಂಗಡಿಯ ಫೋನ್ ನಂಬರ್, ಸ್ಕೂಟರ್ ನಂಬರ್, ಕೊನೆಗೆ ಕೋಪದಲ್ಲಿ ಕೈಗೆ ಸಿಕ್ಕ ಅಕ್ಷರಗಳನ್ನೆಲ್ಲ ಹಾಕಿದರು. ಬೀಗ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಅಷ್ಟರಲ್ಲಿ ಮಾಹಿರಾಗೆ ಮೆಹೆಂದಿ ಹಚ್ಚಲು ಗೋಡೆಯಾಚೆ ಮನೆಯ ಫಿರ್ದೋಸ್ ಬಂದಳು. ಗಲ್ಲಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ವಾಸನೆ ಬರುತ್ತದೆ. ಒಳಗೆ ಮೆಹೆಂದಿ ಹಚ್ಚುತ್ತಲೇ ಹೊರಗಿನ ಸಂಕಟವನ್ನೆಲ್ಲ ಕೇಳಿಸಿಕೊಂಡು, "ಏನಾದ್ರೂ ಅಂದ್ರೆ ಶುಭವಾದ್ದು ಹಾಕಿ ಭಾಯಿ. ಹುಡುಗನ ಹೆಸ್ರು ಹಾಕಿ" ಎಂದಳು. ಸಾಬರು ಅರ್ಷದ್ ಎಂದು ಹಾಕಿದರು. ಅರ್ಷದನಿಗೂ ಬಾಗಿಲು ತೆರೆಯಲಿಲ್ಲ.

"ಅಪಶಕುನ ಆಯ್ತು" ಎಂದಳು ಫಿರ್ದೋಸ್. ಮುನವ್ವರಾ ಅಳಲು ಶುರುಮಾಡಿದಳು.

ಅಳು ಕೇಳಿ ಎದುರು ಮನೆಯ ಓಬಳಯ್ಯ ಬಂದರು. ಟೆಲಿಫೋನಿನಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ಕಂಬ ಹತ್ತುವುದನ್ನು ಬಿಟ್ಟಮೇಲೆ ಅವರಿಗೆ ಜೀವನವೇ ಸಪ್ಪೆಯಾಗಿತ್ತು. ಅವರು ಮೋಡೆಮ್ಮನ್ನು ತಿರುಗಿಸಿ ನೋಡಿ, ಅದರ ಪುಟ್ಟ ಕೋಲನ್ನು ನಿಮಿರಿಸಿದರು.

"ಏನಾದ್ರೂ ಹಾಕಿ ಅಂದವ್ನೆ ಅಂದ್ಮೇಲೆ ಪಾಸ್‌ವರ್ಡ್ ತೊಂದ್ರೆ ಅಲ್ಲ ಬುಡಿ ಸಾಬ್ರೆ. ನೀವು ಹಾಕಿದ್ದು ಅಲ್ಲೀಗಂಟ ಮುಟ್ತಾ ಇಲ್ಲ. ಇದು ಹೈಟ್ ಪ್ರಾಬ್ಲಮ್. ಆಂಟೆನಾ ಐತಲ್ಲ, ನೆಲದಲ್ಲಿಟ್ರೆ ಹೆಂಗೆ ಎಳೀತದೆ?"

ಮಾತಿನಲ್ಲಿ ನ್ಯಾಯವಿದೆ ಎನಿಸಿತು. ಮುಳುಗುತ್ತಿರುವವನಿಗೆ ಎಲ್ಲರ ಮಾತಿನಲ್ಲೂ ನ್ಯಾಯ ಕಾಣುತ್ತದೆ. ಓಬಳಯ್ಯ ಮನೆಯಿಂದ ಹಳೇ ಫೋನ್ ವೈರಿನ ಸುರುಳಿಯನ್ನೂ ಕರೆಂಟಿನ ಉದ್ದ ವೈರನ್ನೂ ತಂದು ಡಬ್ಬಿಗೆ ಜೋಡಿಸಿದರು. ಸಾಬರು ಡಬ್ಬಿ ಎತ್ತಿಕೊಂಡು ಮಹಡಿ ಹತ್ತಿದರು. ಓಬಳಯ್ಯ ಕೆಳಗೆ ಲ್ಯಾಪ್‌ಟಾಪಿನ ಮುಂದೆ ಕೂತರು.

"ಬಂತಾ?" ಎಂದು ಮೇಲಿನಿಂದ ಸಾಬರು ಕೂಗಿದರು.

"ಬೀಗ ಬಂತು. ಮಸ್ಕತ್ತು ಯಾವ ಕಡೀಕೆ?"

"ಪಶ್ಚಿಮ. ನಾವು ನಮಾಜಿಗೆ ನಿಲ್ಲೋ ಕಡೆ."

"ಹಂಗಾರೆ ಅತ್ಲಾಗೆ ತಿರುಗ್ಸಿ, ತಲೆ ಮ್ಯಾಗೆ ಎತ್ತಿ ಹಿಡೀರಿ."

ಸಾಬರು ಹಿಡಿದರು. ಒದ್ದೆ ಪರದೆಗಳ ನಡುವೆ, ಉರಿಬಿಸಿಲಿನಲ್ಲಿ, ಡಬ್ಬಿ ತಲೆಯ ಮೇಲೆತ್ತಿ ಪಶ್ಚಿಮಕ್ಕೆ ಮುಖಮಾಡಿ ನಿಂತರು. ಬಂತಾ, ಇಲ್ಲ, ಈಗ, ಇಲ್ಲ, ಸ್ವಲ್ಪ ಎಡಕ್ಕೆ, ಎಂದು ಹಳೇ ಟೀವಿ ಕಾಲದ ಆಟವೇ ಮತ್ತೆ ನಡೆಯಿತು. ಗಲ್ಲಿಯಲ್ಲಿ ಜನ ನಿಂತು ನೋಡತೊಡಗಿದರು. ಒಬ್ಬರು ನಮಾಜಿಗೆ ಇದೇನು ಹೊಸ ಪದ್ಧತಿ ಎಂದು ಕೇಳಿದರು. ಸಾಬರು ಕೈ ಸೋತು ಕೂತುಬಿಟ್ಟರು. ಕಣ್ಣೆದುರಿಗೆ ನೀಲಿ ವೈರು ಪರದೆಯ ಭಾರಕ್ಕೆ ಜೋತಾಡುತ್ತಿತ್ತು. ಒಂದು ಸುಳ್ಳು ಬಡಾಯಿಗೆ ಮಗಳ ಬಾಳು ಹಾಳಾಯಿತಲ್ಲ ಎಂದು ಅವರಿಗೆ ನಿಜಕ್ಕೂ ಅಳು ಬಂತು.

ಸಂಜೆಯ ಅಸರ್ ನಮಾಜಿನ ಕೂಗಾಯಿತು. ಹುಡುಗ ಬರುವ ಹೊತ್ತೂ ಅದೇ. ಸಾಬರು ಕೆಳಗಿಳಿದು ಬಂದು ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಗೋಡೆಗೊರಗಿ ಕೂತರು. ಅದುವರೆಗೆ ಒಳಕೋಣೆಯಲ್ಲಿ ಎರಡೂ ಕೈಗೆ ಹಸಿ ಮೆಹೆಂದಿ ಮೆತ್ತಿಸಿಕೊಂಡು, ಏನನ್ನೂ ಮುಟ್ಟಕೂಡದೆಂದು ಕೂತಿದ್ದ ಮಾಹಿರಾ ಬಾಗಿಲಿಗೆ ಬಂದು ಅಪ್ಪನನ್ನು ಕರೆದಳು.

"ಅಬ್ಬಾ, ಆ ಚೈತನ್ಯ ಏನಂದ್ರು? ಅವರಂದಿದ್ದು ಹಂಗೇ ಹೇಳಿ."

"ಪಾಸ್‌ವರ್ಡ್ ಏನಾದ್ರೂ ಅಂದ."

"ಅವತ್ತು ಪಾಸ್‌ವರ್ಡ್ ಏನಿಡ್ಲಿ ಅಂತ ಅವರು ಕೇಳಿದಾಗ ನೀವೇನು ಹೇಳಿದ್ರಿ?"

ಸಾಬರು ನೆನಪು ಮಾಡಿಕೊಂಡರು. "ಏನಾದ್ರೂ ಇಡಪ್ಪ ಅಂದೆ."

"ಅದನ್ನೇ ಇಟ್ಟವ್ರೆ ಅಬ್ಬಾ. ಏನಾದ್ರೂ ಅಂತಾನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ."

ಓಬಳಯ್ಯ, ಫಿರ್ದೋಸ್, ಮುನವ್ವರಾ ಬಾಯಿ ತೆರೆದು ನಿಂತರು. ಸಾಬರು ಒಂದೊಂದೇ ಅಕ್ಷರ ಒತ್ತಿದರು. ಇ ಇಂದ ಶುರುಮಾಡಿದರೆ ಆಗಲಿಲ್ಲ. "ವೈ ಇಂದ ನೋಡಿ. ಎ ಎರಡು ಹಾಕಿ" ಎಂದಳು ಮಾಹಿರಾ. ಹಾಕಿದರು. ಬೀಗ ಹೋಯಿತು. ಮೂಲೆಯಲ್ಲಿ ಹಸಿರು ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಂತವು, ಹಿಂದೆಯೇ ಮಸ್ಕತ್ತಿನ ಕರೆ ಟ್ರಿಣ್ ಎಂದಿತು.

ಇಬ್ಬರೇ ಮಾತಾಡಬೇಕೆಂಬ ಷರತ್ತು ನೆನಪಾಗಿ ಸಾಬರು ಎಲ್ಲರನ್ನೂ ಹೊರಗೆ ಹಾಕಿ ಬಾಗಿಲೆಳೆದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅರ್ಷದ್ ಮೂಡಿದ. ಲಕ್ಷಣವಾದ ಹುಡುಗ, ಫೋಟೋಗಿಂತ ಚೆನ್ನಾಗಿದ್ದ. ಎ.ಸಿ. ರೂಮಿನಲ್ಲೂ ಬೆವರುತ್ತಿದ್ದ. ಸಲಾಮ್ ಆಯಿತು.

"ಚಾಚಾ, ಇಲ್ಲಿ ರೂಮಲ್ಲಿರೋರಿಗೆಲ್ಲ ಉರ್ದು ಬರುತ್ತೆ. ಕನ್ನಡದಲ್ಲೇ ಹೇಳ್ತೀನಿ. ನಾನು ಹೇಳೋದು ನಿಮ್ಮಲ್ಲೇ ಇರ್ಬೇಕು."

ಹುಡುಗನಿಗೆ ಯಾವುದೋ ಸಣ್ಣ ಸಾಲವೋ ಕಾಯಿಲೆಯೋ ಇರಬೇಕೆಂದು ಸಾಬರಿಗೆ ಮರುಕ ಹುಟ್ಟಿತು. "ಖುದಾ ಕಸಂ, ಎದೆಗೆ ಬೀಗ ಹಾಕ್ಕೋತೀನಿ. ಹೇಳು ಬೇಟಾ."

"ನಂಗೆ ಇಲ್ಲೇ ನಿಕಾಹ್ ಆಗಿದೆ ಚಾಚಾ. ವರ್ಷ ಆಯ್ತು."

ಸಾಬರಿಗೆ ಮೊದಲು ಲೈನ್ ಸರಿಯಿಲ್ಲ ಅನ್ನಿಸಿತು. ಹುಡುಗ ಇನ್ನೊಮ್ಮೆ ಹೇಳಿದ. ಲೈನ್ ಚೆನ್ನಾಗಿಯೇ ಇತ್ತು.

"ಅಮ್ಮಂಗೆ ಹಾರ್ಟ್ ಪ್ರಾಬ್ಲಮ್ಮು. ನಾನು ಹೇಳಿದ್ರೆ ತಡ್ಕೊಳ್ಳಲ್ಲ. ಅದಕ್ಕೇ ನಿಮ್ಮ ಹತ್ರಾನೇ ಮುಖ ನೋಡಿ ಕೇಳ್ಕೋಬೇಕು ಅಂತ ಹಟ ಮಾಡ್ದೆ. ನಿಮ್ಮ ಕಡೆಯಿಂದಲೇ ಬೇಡ ಅಂದ್ಬಿಡಿ. ಚಾಚಾ ಏನಂತಾರೋ ಅದೇ ಕೊನೇ ಮಾತು ಅಂತ ಅಮ್ಮಂಗೆ ಹೇಳಿಟ್ಟಿದೀನಿ."

"ಏನು ಕಾರಣ ಕೊಡ್ಲಪ್ಪ?" ಎಂದರು ಸಾಬರು.

"ಹುಡುಗ ಇಷ್ಟ ಆಗ್ಲಿಲ್ಲ ಅನ್ನಿ, ಕಪ್ಪಗವ್ನೆ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ." ಕಣ್ಣೊರೆಸಿಕೊಂಡು ಹುಡುಗ ಮಾಯವಾದ.

ಸಾಬರು ಬಾಗಿಲು ತೆರೆದರು. ಹೊರಗೆ ಎಲ್ಲ ಕಾದಿದ್ದರು. ಮುನವ್ವರಾ ಕೈಯಲ್ಲಿ ಲಾಡುವಿನ ತಟ್ಟೆ. ಅವಳ ಹಿಂದೆ ಮಾಹಿರಾ, ಒಣಗುತ್ತಿದ್ದ ಎರಡು ಕೈಗಳನ್ನು ಮುಂದೆ ಚಾಚಿಕೊಂಡು, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಸಾಬರಿಗೆ ಬೇಡ ಎನ್ನಲು ಆಗಲಿಲ್ಲ.

"ಬರ್ಲಿಲ್ಲ" ಎಂದರು. "ಲೈನ್ ಬರ್ಲೇ ಇಲ್ಲ."

"ಡಬ್ಬಿ ದೀಪ ಎಲ್ಲಾ ಉರೀತಾವಲ್ಲ ಸಾಬ್ರೆ" ಎಂದರು ಓಬಳಯ್ಯ, ಇಣುಕಿ.

"ಉರೀತಾವೆ. ಬರ್ಲಿಲ್ಲ."

"ಒಳಗೆ ಮಾತು ಕೇಳಿಸ್ತಿತ್ತಲ್ಲ ಭಾಯಿ" ಎಂದಳು ಫಿರ್ದೋಸ್.

"ನಾನೇ ಮಾತಾಡ್ಕೋತಿದ್ದೆ."

ಅಷ್ಟರಲ್ಲಿ ಮುನವ್ವರಾಳ ಮೊಬೈಲ್ ಹೊಡೆಯಿತು. ಕುಣಿಗಲ್ಲಿನಿಂದ ಹುಡುಗನ ತಾಯಿ. ಮುನವ್ವರಾ ಸ್ಪೀಕರ್ ಒತ್ತಿ, ನಮ್ಮ ವೈರ್‌ಲೆಸ್ ಕೈಕೊಟ್ಟಿತು, ತಪ್ಪು ತಿಳ್ಕೋಬೇಡಿ ಎಂದು ಬೇಡಿಕೊಂಡಳು.

"ಅಯ್ಯೋ ಅದಕ್ಯಾಕೆ ಅಳ್ತೀರ" ಎಂದಿತು ಆ ಕಡೆಯ ದನಿ. "ಮುಖ ನೋಡೋ ಹಟ ಅವನದ್ದು, ನಮ್ಮದಲ್ಲ. ನಿಮ್ಮ ಯಜಮಾನ್ರು ಏನಂತಾರೋ ಅದೇ ಕೊನೇ ಮಾತು ಅಂದವ್ನೆ. ಅವರಿಗೆ ಕೊಡಿ. ಅವರು ಹೂಂ ಅಂದ್ರೆ ಶುಕ್ರವಾರ ಬಂದು ದಿನ ಇಟ್ಟು ಹೋಗ್ತೀವಿ."

ಮೊಬೈಲು ಸಾಬರ ಮುಂದೆ ಬಂತು. ಈಗ ಹೇಳದಿದ್ದರೆ ಮಗಳ ಗತಿಯೇನೆಂದು ಅವರು ಗಟ್ಟಿ ಮನಸ್ಸು ಮಾಡಿದರು, ಕಣ್ಣು ಮುಚ್ಚಿದರು, ಬೇಡ ಎನ್ನಲು ಬಾಯಿ ಅಗಲ ತೆರೆದರು. ತೆರೆದ ಬಾಯಿಗೆ ಫಿರ್ದೋಸ್ ಇಡೀ ಲಾಡು ತುರುಕಿದಳು.

"ಹೂಂ" ಎಂದರು ಸಾಬರು. ಬೇರೇನೂ ಅನ್ನಲು ಬಾಯಲ್ಲಿ ಜಾಗವಿರಲಿಲ್ಲ.

"ಅಲ್‌ಹಮ್ದುಲಿಲ್ಲಾ" ಎಂದು ಕುಣಿಗಲ್ಲು ಫೋನಿಟ್ಟಿತು. ಮಾಹಿರಾ ನಕ್ಕು ಒಳಗೆ ಓಡಿದಳು. ಮುನವ್ವರಾ ಓಬಳಯ್ಯನವರ ಕೈಗೂ ಲಾಡು ಇಟ್ಟಳು.

ಸಾಬರು ಹೇಗೋ ಅಗಿದು, ಕೆಮ್ಮಿ, ನುಂಗಿ ಕೊನೆಗೂ ಹೇಳಿದರು, "ಬೇಡ."

"ಬೇಡ ಅಂದ್ರೆ ಹೆಂಗೆ ಭಾಯಿ, ಇವತ್ತಾದ್ರೂ ಸಂಕೋಚ ಬಿಡಿ" ಎನ್ನುತ್ತ ಫಿರ್ದೋಸ್ ತಟ್ಟೆಯಿಂದ ಇನ್ನೊಂದು ಲಾಡು ತೆಗೆದಳು.