ಭಾನುವಾರಕ್ಕೊಂದು ಹೋಟೆಲು

ಗಂಡ 'ಕೆಲಸ ಬಿಡ್ತೀನಿ' ಅಂದರೆ ಹೆಂಡತಿಯಾದವಳು ಅಳಬೇಕು, ಇಲ್ಲವೇ ತವರಿಗೆ ಫೋನ್ ಮಾಡಬೇಕು. ನನ್ನವಳು ಎರಡನ್ನೂ ಮಾಡಲಿಲ್ಲ. "ಬಿಡಿ. ಆದ್ರೆ ಮೊದ್ಲು ಒಂದು ಸಣ್ಣ ಪ್ರಯೋಗ ಮಾಡೋಣ" ಅಂದಳು.

ಅವಳ ವೃತ್ತಿಯೇ ಅದು. ಬದುಕಿನ ದೊಡ್ಡ ತಿರುವಿನಲ್ಲಿ ನಿಂತು ಕೈಕೈ ಹಿಸುಕಿಕೊಳ್ಳುವವರೆಲ್ಲ ನಮ್ಮ ಮನೆಯ ಮುಂದಿನ ಕೋಣೆಗೆ ಬರುತ್ತಾರೆ. ಇವಳು ಉಪದೇಶ ಮಾಡುವುದಿಲ್ಲ. ಬರಲಿರುವ ಬದಲಾವಣೆಯ ಒಂದು ಚೂರಿನ ರುಚಿಯನ್ನು ಮೊದಲೇ ತೋರಿಸುತ್ತಾಳೆ. ಅವಧಿಗೆ ಮುಂಚೆಯೇ ನಿವೃತ್ತರಾಗಲು ಹೊರಟಿದ್ದ ಮೇಷ್ಟ್ರೊಬ್ಬರಿಗೆ ಒಂದು ವಾರ ರಜೆ ಹಾಕಿ ಮನೆಯಲ್ಲಿ ಕೂರಲು ಹೇಳಿದಳು. ವಾರ ಮುಗಿಯುವ ಮೊದಲೇ ಅವರ ಹೆಂಡತಿ ಖುದ್ದಾಗಿ ಅವರನ್ನು ಶಾಲೆಯ ಗೇಟಿನವರೆಗೆ ಬಿಟ್ಟುಬಂದರಂತೆ.

ನನ್ನದು ನೀರು ಸರಬರಾಜು ಕಚೇರಿಯ ದೂರು ವಿಭಾಗ. ಬೆಳಗಿನಿಂದ ಸಂಜೆವರೆಗೆ ಊರಿನ ಬೈಗುಳ ಕಿವಿಗೆ ಹಾಕಿಕೊಂಡು, "ನಿಮ್ಮ ದೂರನ್ನು ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುವುದು" ಎನ್ನುವುದೇ ನನ್ನ ಕಾಯಕ. (ಹಾಗೆಂದರೆ ಏನೂ ಆಗುವುದಿಲ್ಲ ಎಂದರ್ಥ. ದಯವಿಟ್ಟು ಯಾರಿಗೂ ಹೇಳಬೇಡಿ.) ಇದೆಲ್ಲ ಸಾಕಾಗಿ, ಜನ ನಗುನಗುತ್ತ ಬಂದು ತಿಂದು ಹರಸಿ ಹೋಗುವಂಥ ಹೋಟೆಲು ತೆರೆಯುವ ಆಸೆ ಹುಟ್ಟಿತ್ತು. ಸೋಮವಾರವೇ ರಾಜೀನಾಮೆ ಕೊಡುವವನಿದ್ದೆ.

ಆದ್ದರಿಂದ ಭಾನುವಾರ ಬೆಳಿಗ್ಗೆ ನಮ್ಮ ಊಟದ ಮೇಜಿನ ಮೇಲೆಯೇ ಹೋಟೆಲಿನ ಭವ್ಯ ಪ್ರಾರಂಭೋತ್ಸವವಾಯಿತು. ಗಿರಾಕಿಗಳು ಅತ್ತೆ, ಬಾಮೈದ ಮತ್ತು ಪಕ್ಕದ ಮನೆಯ ಟೈಲರ್. ಹೆಂಡತಿ ಕಾಲು ಚಾಚಿಕೊಂಡು ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತಳು. "ನಾನು ಬರೀ ನೋಡೋಳು. ಅಡುಗೆಮನೆ ಕಡೆ ತಲೆನೂ ಹಾಕಲ್ಲ" ಅಂದಳು.

"ಅಳಿಯಂದ್ರೇ, ಈ ಬ್ರೆಡ್ಡು ಒಂದು ಕಡೆ ಸೀದಿದೆ, ಇನ್ನೊಂದು ಕಡೆ ಬೆಂದೇ ಇಲ್ಲ" ಎಂದರು ಅತ್ತೆ.

"ಭಾವ, ಟೀಗೆ ಸಕ್ಕರೆ ಹಾಕೋದು ಮರೆತ್ರಾ?" ಬಾಮೈದ ಕೇಳಿದ.

"ನಾನು ಕೇಳಿದ್ದು ಕಾಫಿ ಅಲ್ವಾ ಸಾರ್?" ಟೈಲರ್ ಕೊರಗಿದ.

ಒಳಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸೌಟು ಹಿಡಿದೇ ಓಡಿಹೋಗಿ ಒಲೆ ಆರಿಸಿ ಬಂದೆ. ಬಾಯಿ ಮಾತ್ರ ಅಭ್ಯಾಸಬಲದಿಂದ ತಾನೇ ತೆರೆದುಕೊಂಡಿತು: "ನಿಮ್ಮ ದೂರನ್ನು ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುವುದು."

"ಪರಿಶೀಲಿಸೋದೇನು ಬಂತು? ತಿರುಗಿಸಿ ನೋಡಿ, ಕಾಣುತ್ತೆ!" ಅತ್ತೆ ತಟ್ಟೆಯನ್ನೇ ನನ್ನ ಮೂಗಿನ ಬಳಿ ಹಿಡಿದರು.

ಆಗ ನನಗೆ ಜ್ಞಾನೋದಯವಾಯಿತು. ಕಚೇರಿಯಲ್ಲಿ ಬೈಯುವವರು ಫೋನಿನ ಆಚೆ ತುದಿಯಲ್ಲಿರುತ್ತಾರೆ. ಹೋಟೆಲಿನಲ್ಲಿ ಚಮಚ ಹಿಡಿದು ಎದುರಿಗೇ ಕೂತಿರುತ್ತಾರೆ. ಸದ್ಯ, ರಾಜೀನಾಮೆ ಕೊಟ್ಟಿರಲಿಲ್ಲವಲ್ಲ! ಹೋದ ಜೀವ ಬಂದಂತಾಯಿತು. ಸೋಮವಾರ ಕಚೇರಿಯ ಫೋನ್ ಮೊದಲ ಸಲ ರಿಂಗಾದಾಗ ಅದನ್ನು ತಬ್ಬಿಕೊಳ್ಳುವುದೊಂದು ಬಾಕಿ ಇತ್ತು, ಅಷ್ಟೇ.

ಸಂಜೆ ಮನೆಗೆ ಬಂದವನೇ, "ನಿನ್ನಿಂದ ಬದುಕಿಕೊಂಡೆ ಕಣೇ. ಪ್ರಯೋಗ ಅಂದ್ರೆ ಪ್ರಯೋಗ!" ಅಂದೆ.

"ಅದು ನಿಮ್ಮೊಬ್ಬರದೇ ಅಲ್ಲಾರೀ, ನಂದೂ ಇತ್ತು" ಎಂದಳು ತಣ್ಣಗೆ. "ಭಾನುವಾರ ಅಡುಗೆಮನೆ ಬಿಡಬೇಕು ಅಂತ ಎಷ್ಟು ವರ್ಷದಿಂದ ಆಸೆ ನಂಗೆ. ಬಿಟ್ರೆ ಮನೆ ಮುಳುಗಿಹೋಗುತ್ತೇನೋ ಅಂತ ಭಯ. ನಿನ್ನೆ ನೋಡಿದ್ನಲ್ಲ, ಹಾಲು ಉಕ್ಕಿತು ಅಷ್ಟೇ. ಇನ್ಮೇಲೆ ಪ್ರತಿ ಭಾನುವಾರ ನಿಮ್ಮ ಹೋಟೆಲ್ಲೇ."

"ಅನ್ಯಾಯ! ನನಗೆ ರಜೆ ಇರೋದೇ ಅದೊಂದು ದಿನ! ಬ್ರೆಡ್ ಸುಡೋಕೂ ಬರದವನಿಗೆ..."

ಅವಳು ಪೇಪರ್ ಮಡಚಿಟ್ಟು, ನನ್ನದೇ ಕಚೇರಿಯ ದನಿಯಲ್ಲಿ ಹೇಳಿದಳು: "ನಿಮ್ಮ ದೂರನ್ನು ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುವುದು."

ಬರುವ ಭಾನುವಾರಕ್ಕೆ ಅತ್ತೆಯವರು ಈಗಾಗಲೇ ಆಮ್ಲೆಟ್ ಹೇಳಿಟ್ಟಿದ್ದಾರೆ.