ಸೂರಿಲ್ಲದ ಮಹಡಿ

ರಶೀದಿರಾಯನ ಮನೆಯ ಮೇಲೆ ಒಂದು ಕೋಣೆಯಿದೆ. ಕೋಣೆ ಎಂದರೆ ನಾಲ್ಕು ಗೋಡೆ, ಒಂದು ಬಾಗಿಲ ಚೌಕಟ್ಟು, ಮೇಲೆ ಆಕಾಶ. ಆರು ವರ್ಷದ ಹಿಂದೆ ಬ್ಯಾಂಕಿನಲ್ಲಿ ಸಾಲ ಮಾಡಿ ಕಟ್ಟಲು ಹೊರಟಿದ್ದ. ಗೋಡೆ ಏಳುವಷ್ಟರಲ್ಲಿ ದುಡ್ಡು ಮುಗಿಯಿತು, ಬಡ್ಡಿ ಮಾತ್ರ ಮುಗಿಯಲಿಲ್ಲ. ಅಂಥ ಕೋಣೆಗೆ ಆವತ್ತು ಬೆಳಿಗ್ಗೆ ನಗರಸಭೆಯಿಂದ ನೋಟಿಸು ಬಂತು. ನಿಮ್ಮ ಮಹಡಿ ನಾಲ್ಕು ವರ್ಷದ ಹಿಂದೆಯೇ ಪೂರ್ಣಗೊಂಡಿದೆ, ಅಷ್ಟೂ ವರ್ಷದ ಆಸ್ತಿ ತೆರಿಗೆ ಬಾಕಿ ಕಟ್ಟಿ ಎಂದು.

ಯಾರಿಗೆ ಮೈ ಉರಿಯುವುದಿಲ್ಲ, ನೀವೇ ಹೇಳಿ. ಯಾವನೋ ಬೀದಿಯಲ್ಲಿ ನಿಂತು ಗೋಡೆ ನೋಡಿ ಬರೆದುಕೊಂಡು ಹೋಗಿದ್ದಾನೆ. ಮೆಟ್ಟಿಲು ಹತ್ತಿ ಒಮ್ಮೆ ತಲೆ ಎತ್ತಿ ನೋಡಲು ಅವನಿಗೆ ಬೇರೆ ಸಂಬಳ ಕೊಡಬೇಕಿತ್ತೇನೋ.

ರಶೀದಿರಾಯ ಪಂಪು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವವನು. ಮದುವೆಯ ಚಪ್ಪಲಿಯ ಬಿಲ್ಲಿನಿಂದ ಹಿಡಿದು ನಿನ್ನೆಯ ಸೊಪ್ಪಿನ ಚೀಟಿಯವರೆಗೆ ಒಂದು ಕಾಗದವನ್ನೂ ಎಸೆದವನಲ್ಲ, ಹಾಗಾಗಿ ಬೀದಿಯವರು ಇಟ್ಟ ಹೆಸರು ಅದು. ಆ ಕಾಗದದ ಪೆಟ್ಟಿಗೆಗಳ ಮಧ್ಯೆ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಗಳು ಪರೀಕ್ಷೆಗೆ ಓದುತ್ತಿದ್ದಳು. ಅವಳಿಗಾಗಿಯೇ ಈ ತಿಂಗಳ ಸಂಬಳ ಬಂದೊಡನೆ ಮೇಲಿನ ಕೋಣೆಗೆ ಸೂರು ಹಾಕಿಸುವುದೆಂದು ತೀರ್ಮಾನವಾಗಿತ್ತು. ಮೇಸ್ತ್ರಿ ಭಾನುವಾರ ಬರುವವನಿದ್ದ.

"ಸಂಜೆ ನಿಧಾನಕ್ಕೆ ನೋಡಿದ್ರಾಯ್ತು, ಈಗ ಕೆಲಸಕ್ಕೆ ಹೋಗಿ," ಎಂದಳು ಹೆಂಡತಿ.

ಪಕ್ಕದ ಮನೆಯ ಡ್ರೈವರಣ್ಣ ಬಿಡಬೇಕಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಊರಿನವರ ಬಾಳು ಓಡಿಸುವುದೇ ಅವನಿಗೆ ಕೆಲಸ. ಇದನ್ನು ಸುಮ್ಮನೆ ಬಿಟ್ಟರೆ ನಾಳೆ ನೀರಿನ ತೊಟ್ಟಿಗೂ ತೆರಿಗೆ ಹಾಕುತ್ತಾರೆ ಎಂದು ಹುರಿದುಂಬಿಸಿದ. ಗೋಡೆಗಳ ನಡುವೆ ನಿಂತು ಆಕಾಶದ ಫೋಟೋ ತೆಗೆದುಕೊಟ್ಟ. ರಶೀದಿರಾಯ ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ ಸ್ಕೂಟರ್ ಏರಿದ.

ನಗರಸಭೆಯ ಗುಮಾಸ್ತನ ಮೇಲೆ ಹಾರಾಡಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಒಂದೂ ಬೇಕಾಗಲಿಲ್ಲ. ಗುಮಾಸ್ತ ಫೋಟೋ ನೋಡಿದ, ತಪ್ಪಾಗಿದೆ ಎಂದು ಒಪ್ಪಿಕೊಂಡ, ಸೂರಿಲ್ಲವೆಂದು ಇವನಿಂದಲೇ ಬರೆಸಿ ಸಹಿ ಹಾಕಿಸಿಕೊಂಡ, ಪುಸ್ತಕದಲ್ಲಿ ರದ್ದು ಎಂದು ಮುದ್ರೆ ಒತ್ತಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಸರ್ಕಾರಿ ಕಚೇರಿ ಇಷ್ಟು ಚುರುಕಾದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಅದು ಇವನಿಗೆ ಹೊಳೆಯಲಿಲ್ಲ.

"ಆ ನೋಟಿಸು ನನ್ನ ಕಣ್ಣೆದುರೇ ಹರಿದು ಹಾಕಿ," ಎಂದ. ಜೀವಮಾನದಲ್ಲಿ ಅವನು ಹರಿದು ಹಾಕಿಸಿದ ಮೊದಲ ಕಾಗದ ಅದು.

ಮೀಸೆ ತಿರುವುತ್ತ ಕಾರ್ಖಾನೆಗೆ ಬಂದರೆ ಲೆಕ್ಕದ ಮೇಡಂ ಇವನಿಗಾಗಿಯೇ ಕಾಯುತ್ತಿದ್ದರು. ವರ್ಷದ ಮೊದಲಿಗೆ ಮನೆ ಸಾಲದ ಬಡ್ಡಿ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಿದ್ದ. ಬಡ್ಡಿ ಕಟ್ಟುವುದು ನಿಜ ತಾನೇ, ವಿನಾಯಿತಿಯೂ ನಿಜ ಎಂದು ನಂಬಿದ್ದ. ಕಟ್ಟಡ ಪೂರ್ಣಗೊಂಡಿದ್ದರೆ ಮಾತ್ರ ಅದು ಸಿಗುವುದು, ಅದಕ್ಕೊಂದು ಕಾಗದ ಬೇಕು, ಐದು ಗಂಟೆಗೆ ಬಾಗಿಲು ಹಾಕುತ್ತೇನೆ, ತರದಿದ್ದರೆ ಇಡೀ ವರ್ಷದ ತೆರಿಗೆ ಈ ತಿಂಗಳ ಸಂಬಳದಲ್ಲೇ ಹೋಗುತ್ತದೆ ಎಂದರು ಮೇಡಂ.

"ಎಂಥ ಕಾಗದ ಮೇಡಂ?"

"ಏನಾದ್ರೂ ನಡೆಯುತ್ತೆ. ನಗರಸಭೆಯಿಂದ ಆ ಮಹಡಿಗೆ ತೆರಿಗೆ ನೋಟಿಸು ಬಂದಿದ್ರೆ ಅದೇ ಸಾಕು."

ರಶೀದಿರಾಯನಿಗೆ ಕುಳಿತ ಕುರ್ಚಿಯೇ ಕುಸಿದಂತಾಯಿತು. ಒಂದು ಸರ್ಕಾರಕ್ಕೆ ಸೂರಿಲ್ಲದ ಗೋಡೆ ಮನೆಯಾಗಿ ಕಾಣುತ್ತದೆ, ಇನ್ನೊಂದಕ್ಕೆ ಅದೇ ಗೋಡೆ ಮನೆಯಲ್ಲ. ಕಸಿದುಕೊಳ್ಳುವಾಗ ಒಂದು ಕಣ್ಣು, ಕೊಡುವಾಗ ಇನ್ನೊಂದು. ಬಡ್ಡಿ ಕಟ್ಟುವವನ ಹೊಟ್ಟೆ ಉರಿದರೆ ಯಾರಿಗೇನು.

ಮತ್ತೆ ನಗರಸಭೆಗೆ ಓಡಿದ. ರದ್ದಾದದ್ದು ರದ್ದು, ಹೊಸದಾಗಿ ಬರೆಯಬೇಕಾದರೆ ಸೂರನ್ನು ತಾನೇ ಕಣ್ಣಾರೆ ನೋಡಬೇಕು ಎಂದ ಗುಮಾಸ್ತ. ರಶೀದಿರಾಯ ಹೊರಗೆ ಬಂದು ಮನೆಗೆ ಫೋನು ಮಾಡಿದ. ಹೆಂಡತಿ ವಿಷಯ ಹೇಳಿದ್ದೇ ತಡ, ಡ್ರೈವರಣ್ಣ ಸಂಭ್ರಮದಿಂದ ಎದ್ದು ನಿಂತ. ತನ್ನ ಹಳೇ ಕಾರಿಗೆ ನೆರಳಾಗಿ ಹಾಕಿದ್ದ ತಗಡುಗಳನ್ನು ಬಿಚ್ಚಿ, ಬೀದಿಯವರನ್ನೆಲ್ಲ ಸೇರಿಸಿ ಗೋಡೆಯ ಮೇಲೆ ಹೊದಿಸಿದ. ಸಂಜೆಯೇ ವಾಪಸ್ಸು ಕೊಡಬೇಕು, ಕಾರಿಗೆ ಬಿಸಿಲು ಆಗುವುದಿಲ್ಲ ಎಂದು ರಶೀದಿರಾಯನ ಹೆಂಡತಿಗೆ ಮೂರು ಸಲ ಹೇಳಿದನಂತೆ.

ಗುಮಾಸ್ತನ ಊಟ ಮುಗಿಯುವುದನ್ನೇ ಕಾದು ರಶೀದಿರಾಯ ಅವನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದ. ಗುಮಾಸ್ತ ತಗಡನ್ನು ಕೋಲಿನಿಂದ ತಟ್ಟಿ ನೋಡಿದ. "ಬೆಳಿಗ್ಗೆ ಸೂರಿಲ್ಲ ಅಂತ ನೀವೇ ಸಹಿ ಹಾಕಿದ್ರಿ. ಬಹಳ ಬೇಗ ಕಟ್ಟಿಸ್ತೀರ ಸಾರ್," ಎಂದ. ವ್ಯಂಗ್ಯವೋ ಮೆಚ್ಚುಗೆಯೋ ಅವನ ಮುಖ ಹೇಳಲಿಲ್ಲ. ಚೌಕಟ್ಟಿಗೆ ಮಹಡಿಯ ಸಂಖ್ಯೆಯ ಫಲಕ ಹೊಡೆದ, ಕಾಗದ ಬರೆದು ಮುದ್ರೆ ಒತ್ತಿ ಕೊಟ್ಟ.

ಐದಕ್ಕೆ ಆರು ನಿಮಿಷವಿದ್ದಾಗ ರಶೀದಿರಾಯ ಏದುಸಿರು ಬಿಡುತ್ತ ಕಾಗದವನ್ನು ಮೇಡಂ ಮೇಜಿನ ಮೇಲಿಟ್ಟ. ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಪೂರ್ಣಗೊಂಡ ದಿನ ಇವತ್ತು ಅಂತಿದೆಯಲ್ಲ ಸಾರ್. ಸಾಲ ತೆಗೆದದ್ದು ಆರು ವರ್ಷದ ಹಿಂದೆ. ಐದು ವರ್ಷದೊಳಗೆ ಮುಗಿದಿರಬೇಕು, ಇಲ್ದಿದ್ರೆ ಸಿಗೋದು ಪುಡಿಗಾಸು." ಅವರಿಗೆ ನಿಜಕ್ಕೂ ಕನಿಕರವಾಗಿತ್ತು. "ಒಂದು ಮೂರೋ ನಾಲ್ಕೋ ವರ್ಷದ ಹಿಂದೇನೇ ಮುಗಿದಿತ್ತು ಅಂತ ಯಾವ್ದಾದ್ರೂ ಕಾಗದ ಇದ್ರೆ ಕೊಡಿ. ನೀವು ಒಂದನ್ನೂ ಎಸೆಯೋರಲ್ವಲ್ಲ."

ರಶೀದಿರಾಯ ಬೆಳಿಗ್ಗೆ ಹರಿದು ಹಾಕಿಸಿದ ನೋಟಿಸನ್ನು ನೆನೆದು, ಈ ಕಾಗದವನ್ನು ಮೇಜಿನಿಂದ ವಾಪಸ್ಸು ತೆಗೆದುಕೊಂಡ. ಮೇಡಂ ಗಡಿಯಾರ ನೋಡಿ ಪುಸ್ತಕ ಮುಚ್ಚಿದರು.

ಮನೆಗೆ ಬಂದಾಗ ಮೇಸ್ತ್ರಿಗೆ ಬರಬೇಡ ಎಂದು ಹೇಳುವುದು ಹೇಗೆಂದು ಯೋಚಿಸುತ್ತ ಮೆಟ್ಟಿಲ ಮೇಲೆಯೇ ಕುಳಿತ. ಸಂದಿಯಿಂದ ಮಗಳು ಪಾಠ ಉರುಹೊಡೆಯುವ ದನಿ ಕೇಳುತ್ತಿತ್ತು. ಸುಮ್ಮನೆ ಕೈಯಲ್ಲಿದ್ದ ಕಾಗದ ತಿರುಗಿಸಿದ. ಹಿಂದೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ಇವತ್ತಿನಿಂದ ಪ್ರತಿವರ್ಷ ಮಹಡಿಯ ತೆರಿಗೆ ಕಟ್ಟತಕ್ಕದ್ದು. ಒಮ್ಮೆ ನೋಂದಾಯಿಸಿದ ಸೂರನ್ನು ಅನುಮತಿಯಿಲ್ಲದೆ ತೆಗೆದಲ್ಲಿ ಮೂರು ವರ್ಷದ ತೆರಿಗೆಯಷ್ಟು ದಂಡ.

ಮೇಲಿನಿಂದ ಡ್ರೈವರಣ್ಣ ಕೊನೆಯ ತಗಡನ್ನು ಇಳಿಸುತ್ತ ಬಂದ. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು.

"ಸ್ವಲ್ಪ ಆ ಕಡೆ ಹಿಡ್ಕೊಳ್ರಪ್ಪಾ, ಒಬ್ಬನ ಕೈಲಿ ಆಗಲ್ಲ," ಎಂದ.

ರಶೀದಿರಾಯ ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎದ್ದು ನಿಂತು ತಗಡಿನ ಇನ್ನೊಂದು ತುದಿ ಹಿಡಿದ.