ನೀಲಶೃಂಗನ ಮರಣರಕ್ಷಣೆ

ಕಥೆಗಿಂತ ಮೊದಲು ಮುಖಪುಟ ಹುಟ್ಟುವ ಈ ಯುಗಕ್ಕೆ ನಮಸ್ಕಾರ. ಕ್ಯಾಟಲಾಗಿನ ಗರ್ಭದಲ್ಲಿ ಕಾದಂಬರಿಯೊಂದು ಒಂದಕ್ಷರವೂ ಇಲ್ಲದೆ ಬೆಲೆಸಮೇತ ಜನಿಸುವ ಈ ಪುಣ್ಯಕಾಲಕ್ಕೆ ನಮಸ್ಕಾರ. ಇಂಥ ಕಾಲದಲ್ಲಿ, ಚಾಮರಾಜಪೇಟೆಯ ನಾಲ್ಕಂತಸ್ತಿನ ಕಟ್ಟಡವನ್ನು ಕೈಲಾಸದಂತೆ ಆವರಿಸಿದ, ಗೈಡುಗಳಿಂದ ಗಳಿಸಿ ಸಾಹಿತ್ಯದಿಂದ ಗೌರವ ಕೊಂಡ ಐರಾವತೋದಯ ಪ್ರಕಾಶನವೆಂಬ ಮಹಾಸಂಸ್ಥಾನದಲ್ಲಿ, ಉಪಮಾಸಂಹಾರಿಣಿಯೂ ಲೇಖಕಗರ್ವಭಂಜನಿಯೂ ಆದ ಮಕ್ಕಳ ವಿಭಾಗದ ಸಂಪಾದಕಿ ಇಂದುಮತಿ ಒಂದು ಕುದುರೆಯ ಸಾವನ್ನು ಕಾಪಾಡಲು ಹೇಗೆ ಹೋರಾಡಿದಳೆಂಬುದನ್ನು ಹೇಳುತ್ತೇವೆ, ಕೇಳುವವರು ಕೂರಬಹುದು.

ಆ ಕುದುರೆ ಸಾಮಾನ್ಯದ್ದಲ್ಲ. ಸಂಸ್ಥಾನದ ಕಾಮಧೇನುವೆನಿಸಿದ ‘ಗಂಧರ್ವಗಿರಿ’ ಮಾಲೆಯ ಐದು ಸಂಪುಟಗಳಲ್ಲಿ ಹಾರಿ, ಆರನೆಯದರ ಕೊನೆಗೆ ರಾಜಕುಮಾರಿಯನ್ನು ಉಳಿಸಲು ಹೋಗಿ ಬೆಂಕಿಯ ಕಣಿವೆಯಲ್ಲಿ ಬೂದಿಯಾದ, ನೀಲಿ ಕೊಂಬಿನ ನೀಲಶೃಂಗ. ಅದನ್ನು ಓದಿದ ಹಂಸಿನಿ ಎಂಬ ಹುಡುಗಿ, ಶಾಲೆಗೆ ಬಂದ ಇಂದುಮತಿಯ ದುಪಟ್ಟಾ ಹಿಡಿದು ಅತ್ತಿದ್ದಳು. “ಆಂಟಿ, ಮುಂದಿನ್ ಬುಕ್ಕಲ್ಲಿ ಮತ್ತೆ ಬದುಕಿಸ್ತೀರಾ? ಸೀರಿಯಲ್ಲಲ್ಲಿ ಹಂಗೇ ಮಾಡ್ತಾರೆ.”

“ಇಲ್ಲ ಪುಟ್ಟ. ಸತ್ತಿದ್ದು ಸತ್ತ ಹಾಗೇ. ನಾವು ಮಕ್ಕಳಿಗೆ ಮೋಸ ಮಾಡಲ್ಲ.”

ಆಕಾಶದಿಂದ ಹೂವೇನೂ ಉದುರಲಿಲ್ಲ. ಬೆಲ್ ಹೊಡೆದು ಮಕ್ಕಳು ಊಟಕ್ಕೆ ಓಡಿದರು. ಪ್ರತಿಜ್ಞೆ ಮಾತ್ರ ಇಂದುಮತಿಗೆ ಅಂಟಿಕೊಂಡಿತು.

ಈಗ ಏಳನೆಯ ಸಂಪುಟದ ಮುಖಪುಟ ಅಚ್ಚಾಗಿ ಬಂದಿತ್ತು. ಪದ್ಧತಿಯಂತೆ, ಕಥೆಗೆ ಮುಂಚೆಯೇ. ಪದ್ಧತಿಯಂತೆ, ಚಿತ್ರಕಾರನಿಗೆ ಆರನೆಯ ಸಂಪುಟವನ್ನು ಯಾರೂ ಕೊಟ್ಟಿರಲಿಲ್ಲ. ನಟ್ಟನಡುವೆ ನೀಲಶೃಂಗ ಒಳ್ಳೆಯ ಆರೋಗ್ಯದಲ್ಲಿ ಹಾರುತ್ತಿದ್ದ.

ಮೀಟಿಂಗ್ ರೂಮೆಂಬ ಕುರುಕ್ಷೇತ್ರದಲ್ಲಿ, ಖಾರಾ ಬಿಸ್ಕತ್ತಿನ ತಟ್ಟೆಯ ಆಚೆ ದಡದಿಂದ, ಸಕಲಜಿಲ್ಲಾಗ್ರಂಥಾಲಯಜೇತನಾದ ಮಾರಾಟಾಧಿಪತಿ ಗುರುಬಸಪ್ಪ ಎದ್ದುನಿಂತು, ಬೆಲ್ಟು ಬಿಗಿದು, ಮೇಘಗಂಭೀರಧ್ವನಿಯಲ್ಲಿ ಗರ್ಜಿಸಿದ:

“ಮೇಡಮ್ಮರ, ಕುದುರಿ ಸತ್ತೈತಿ ಅಂತ ನೀವಂತೀರಿ. ಕವರಿನ್ಯಾಗ ನೋಡ್ರಿ, ಜೀವಂತ ಐತಿ. ಬೀದರದಿಂದ ಚಾಮರಾಜನಗರದ ತನಕಾ ಈ ಕವರ್ ತೋರ್ಸಿ ಆರ್ಡರ್ ತಂದೀನಿ. ಕಥಿ ತೋರ್ಸಿ ಆರ್ಡರ್ ತಂದ ಗಂಡಸು ಈ ಬಿಲ್ಡಿಂಗಿನ್ಯಾಗ ಇನ್ನೂ ಹುಟ್ಟಿಲ್ಲ.”

ಇಂದುಮತಿ ಕಿವಿಯ ಮೇಲಿಂದ ಕೆಂಪು ಪೆನ್ಸಿಲನ್ನು ಖಡ್ಗದಂತೆ ಸೆಳೆದಳು. ಅಸಂಖ್ಯ ಲೇಖಕರ ಉಪಮೆಗಳ ರಕ್ತ ಕುಡಿದ ಆ ಆಯುಧ ಕೆತ್ತಿ ಕೆತ್ತಿ ಕಿರುಬೆರಳಷ್ಟಾಗಿತ್ತು. ಮನಸ್ಸಿನಲ್ಲಿ ಆಕೆ ರಚಿಸಿದ ಭಾಷಣ ಇದು: ಎಲವೋ ರಿಯಾಯಿತಿದಶಕಂಠ, ಸಮುದ್ರ ಬತ್ತಲಿ, ಸೂರ್ಯ ಪಶ್ಚಿಮದಲ್ಲಿ ಮೂಡಲಿ, ತಪ್ಪಿಲ್ಲದ ಗೈಡೊಂದು ನಮ್ಮ ಗೋಡೌನಿನಿಂದ ಹೊರಬೀಳಲಿ, ಈ ಪೆನ್ಸಿಲ್ ನನ್ನ ಕೈಯಲ್ಲಿರುವ ತನಕ ಆ ಅಶ್ವ ಏಳದು! ಬಾಯಿಂದ ಬಂದದ್ದು ಇಷ್ಟು: “ಬೂದಿಯಾಗಿದೆ ರೀ. ಬೂದೀನ ಹೆಂಗ್ರೀ ಹಾರಿಸೋದು? ನಾನೊಂದು ಮಗೂಗೆ ಮಾತು ಕೊಟ್ಟಿದೀನಿ. ಕುದುರೆ ಬಂದ್ರೆ ನಾನು ಕೆಲಸ ಬಿಡ್ತೀನಿ.”

“ನೀವು ಒಂದ್ ಕೂಸಿಗೆ ಮಾತ್ ಕೊಟ್ಟೀರಿ, ನಾ ಊರಿಗೆಲ್ಲ ಕವರ್ ಕೊಟ್ಟೀನಿ. ಎಲ್ಲಿಂದರೆ ಒಂದ್ ಸಂಜೀವಿನಿ ಕಡ್ಡಿ ತರಸ್ರಿ, ಮುಗೀತು.”

ಕುದುರೆಯ ಸೃಷ್ಟಿಕರ್ತ, ಕಾದಂಬರಿಕಾರ ನಾಗಭೂಷಣರನ್ನು ಸ್ಪೀಕರ್ ಫೋನಿಗೆ ಆವಾಹಿಸಲಾಯಿತು. “ನಂಗೆ ಎರಡೂ ಒಂದೇನಮ್ಮ. ಬದುಕಿಸು ಅಂದ್ರೆ ಬದುಕಿಸ್ತೀನಿ. ಇವತ್ತು ಮಾತ್ರ ಆಗಲ್ಲ, ಹಲ್ಲು ಕೀಳಿಸ್ಕೊಂಡು ಬಂದಿದೀನಿ,” ಎಂದು ಹತ್ತಿಯುಂಡೆಯ ಸಂದಿಯಿಂದ ಬ್ರಹ್ಮವಾಕ್ಯ ಹೊರಟಿತು.

ಅದುವರೆಗೆ ಬಿಸ್ಕತ್ತಿನೊಡನೆ ಸಮರನಿರತರಾಗಿದ್ದ ಯಜಮಾನ ರಂಗಧಾಮಯ್ಯನವರು ಕೈ ಒರೆಸಿಕೊಂಡರು. “ಕವರು ಮತ್ತೆ ಅಚ್ಚು ಹಾಕ್ಸಲ್ಲ. ಇಂದುಮತಿ ಹೋಗೋದೂ ಬೇಡ, ಪ್ರೂಫ್ ನೋಡೋರು ಯಾರು? ಕುದುರೆ ಮೇಲೆ ಏನಾದ್ರೂ ಅಂಟಿಸಿ. ಗಣಿತದ ಗೈಡಿನ ಸ್ಟಿಕ್ಕರ್ ಮಿಕ್ಕಿದಾವಲ್ಲ ಗೋಡೌನಲ್ಲಿ.”

ಹೀಗೆ ಜಯಲಕ್ಷ್ಮಿ ಇಂದುಮತಿಯನ್ನು ವರಿಸಿದಳು. ವಿಜಯಿಯೂ ಪರಾಜಿತನೂ ಗೋಡೌನಿನ ನೆಲದಲ್ಲಿ ಚಕ್ಕಂಬಕ್ಕಳ ಹಾಕಿ, ದುಂಡನೆಯ ಹಳದಿ ಸ್ಟಿಕ್ಕರುಗಳನ್ನು ಕುದುರೆಯ ಮೇಲೆ ಒತ್ತುತ್ತ ಕೂತರು.

“ಬಾಲ ಹೊರಗ ಉಳೀತೈತ್ರಿ.”

“ಇರಲಿ ಬಿಡಿ, ಮೋಡ ಅನ್ಕೋತಾರೆ.”

ಸ್ಟಿಕ್ಕರಿನ ಮೇಲೆ ಏನು ಬರೆದಿದೆಯೆಂದು, ಅಲ್ಪವಿರಾಮವನ್ನೂ ಅನುಮಾನದಿಂದ ನೋಡುವ ಆ ಸಂಪಾದಕಿ ಓದಲಿಲ್ಲ. ಗೆದ್ದವರಿಗೆ ಓದುವ ವ್ಯವಧಾನವಿರುವುದಿಲ್ಲ.

ಬಿಡುಗಡೆಯ ದಿನ ಸಾಲಿನ ಮುಂದುಗಡೆ ಹಂಸಿನಿಯೇ ನಿಂತಿದ್ದಳು. ಇಂದುಮತಿ ಪುಸ್ತಕ ಕೊಟ್ಟು, “ನೋಡು ಪುಟ್ಟ, ಹೇಳಿದ ಹಾಗೇ ಮಾಡಿದೀನಿ. ನೀಲಶೃಂಗ ವಾಪಸ್ ಬಂದಿಲ್ಲ,” ಎಂದಳು.

“ಯಾರು? ಓ, ಕುದುರೆನಾ. ಅದು ಹೋದ್ಸಲನೇ ಸತ್ತೋಯ್ತಲ್ಲ ಆಂಟಿ.” ಹುಡುಗಿ ಹಳದಿ ವೃತ್ತದ ಮೇಲೆ ಬೆರಳಿಟ್ಟು ಓದಿದಳು: ‘ಇದರೊಂದಿಗೆ ಪೆನ್ಸಿಲ್ ಉಚಿತ.’ ಆಮೇಲೆ ಕೈ ಚಾಚಿದಳು. “ಪೆನ್ಸಿಲ್ ಕೊಡ್ಲಿಲ್ಲ.”

ಅವಳ ಹಿಂದೆ ಸಾಲಿನುದ್ದಕ್ಕೂ ಕೈಗಳು ಚಾಚಿಕೊಂಡವು. ಸಕಲಜಿಲ್ಲಾಗ್ರಂಥಾಲಯಜೇತ ಕಂಬದ ಮರೆಗೆ ಸರಿದ. ಉಪಮಾಸಂಹಾರಿಣಿ ಕಿವಿಯ ಮೇಲಿಂದ ತನ್ನ ದಿವ್ಯಾಯುಧವನ್ನು ತೆಗೆದು ಆ ಪುಟ್ಟ ಅಂಗೈಯಲ್ಲಿಟ್ಟಳು.

ಹಂಸಿನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ರಬ್ಬರ್ ಇರೋದು ಇಲ್ವಾ ಆಂಟಿ?”